ಕಿರಿಯ ಅಸಾನ ಕಿವಿ ಗುರುತು

"ಮೂರು ದಿನದಿಂದ ದನದ ಕಿವಿಗಳನ್ನೇ ನೋಡ್ತಾ ಕೂತಿದ್ದೀಯಲ್ಲ ರೂತ್, ಇನ್ನು ಸ್ವಲ್ಪ ಹೊತ್ತಿಗೆ ನೀನೂ ಅಂಬಾ ಅಂತೀಯ ನೋಡು."

ಹುಲ್ಡಾ ಪೀಸ್ ಹೇಳಿದ್ದು ತಮಾಷೆಗೇ. ವೆಸ್ಟ್ ಆರ್ಲಿ ಊರಿನ ಹಳೆಯ ಕಡತಗಳೆಲ್ಲ ಅವಳ ಸುಪರ್ದಿನಲ್ಲಿದ್ದವು. ಊರ ಕಚೇರಿಯ ನೆಲಮಾಳಿಗೆಯ ಕಬ್ಬಿಣದ ಬಾಗಿಲಿನ ಬೀಗದ ಕೈ ಅವಳ ಸೊಂಟದಲ್ಲೇ ತೂಗಾಡುತ್ತಿತ್ತು. ಆದರೆ ತಮಾಷೆ ಕೇಳಿ ನಗುವ ಸ್ಥಿತಿಯಲ್ಲಿ ರೂತ್ ಟಾರ್ಬೆಲ್ ಇರಲಿಲ್ಲ.

ಲೈಮನ್ ಫಿಚ್‌ನನ್ನು ಕೊಂದ ಆರೋಪದ ಮೇಲೆ ಅಮೋಸ್ ಥ್ರೋಪ್ ಜೈಲು ಸೇರಿ ಮೂರು ವಾರವಾಗಿತ್ತು. ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದು ಅದೇ ಮಧ್ಯಾಹ್ನ. ರೂತ್‌ಳ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ. ಕೂತರೆ ಕಾಲು ಕುಣಿಯುತ್ತಿತ್ತು, ಎದ್ದರೆ ಆ ಇಕ್ಕಟ್ಟಿನ ಕೋಣೆಯಲ್ಲಿ ತಿರುಗಾಡಲು ಜಾಗವಿರಲಿಲ್ಲ. ಹುಲ್ಡಾ ತಂದಿಟ್ಟ ಡೋನಟ್‌ನ ಒಂದು ತುದಿ ಕಚ್ಚಿ ಮರೆತಿದ್ದಳು.

ರೂತ್ ಬಾಸ್ಟನ್ನಿನವಳು. ಅವರಿವರ ವಂಶ ಹುಡುಕಿಕೊಟ್ಟು ಹೊಟ್ಟೆ ಹೊರೆಯುವವಳು. ನಮ್ಮ ತಾತ ಯಾವ ಹಡಗಿನಲ್ಲಿ ಬಂದ, ಅಜ್ಜಿ ಯಾರ ಮಗಳು ಎಂದು ಕೇಳಿಕೊಂಡು ಬರುವವರಿಗೆ ಅವಳೇ ದಿಕ್ಕು. ಆದರೆ ಉತ್ತರದ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತ ಕೆಲಸ ಅವಳಿಗೆ ಇದೇ ಮೊದಲು. ಅಮೋಸ್‌ನ ಹೆಂಡತಿ ನೆಲ್ ಬಾಸ್ಟನ್‌ವರೆಗೂ ಹುಡುಕಿಕೊಂಡು ಬಂದು, ಕೈ ಹಿಡಿದುಕೊಂಡು ಅತ್ತಿದ್ದಳು. ಅಳುವವರನ್ನು ಕಂಡರೆ ರೂತ್‌ಗೆ ಸಿಟ್ಟು ಬರುತ್ತದೆ. ಆದರೂ ಬಂದಿದ್ದಳು.

ಪೊಲೀಸರ ಬಳಿ ಇದ್ದದ್ದು ಒಂದೇ ಒಂದು ಚೀಟಿ. ಊರಿನ ಚರಿತ್ರೆ ಬರೆಯುತ್ತಿದ್ದ ಮುದುಕ ಲೈಮನ್ ಇದೇ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದಾಗ ಅದು ಅವನ ಕೋಟಿನ ಜೇಬಿನಲ್ಲಿತ್ತು. "ಕಿರಿಯ ಅಸಾ ಮಗನಲ್ಲ. ಥ್ರೋಪ್‌ಗೆ ಇವತ್ತೇ ಹೇಳಬೇಕು." ಬರಹ ಅವನದೇ.

ಪೊಲೀಸರಿಗೆ ಅಷ್ಟು ಸಾಕಾಯಿತು. ಥ್ರೋಪ್ ಗುಡ್ಡದ ಮೇಪಲ್ ತೋಪು ಇನ್ನೂರು ವರ್ಷಗಳ ಹಿಂದೆ ಮುದುಕ ಅಸಾ ಥ್ರೋಪ್ ತನ್ನ ಮಗ ಅಸಾನಿಗೂ ಅವನ ಸಂತತಿಗೂ ಬರೆದಿಟ್ಟದ್ದು. ಸಂತತಿ ಇಲ್ಲವಾದರೆ ಅದು ಚರ್ಚಿಗೆ ಸೇರಬೇಕು. ಎರಡು ವರ್ಷದಿಂದ ಚರ್ಚಿನ ಟ್ರಸ್ಟಿಗಳು ಆ ಗುಡ್ಡಕ್ಕಾಗಿ ಕೋರ್ಟು ಹತ್ತಿದ್ದರು. ಗುಡ್ಡದ ಥ್ರೋಪರು ಕಿರಿಯ ಅಸಾನ ವಂಶದವರೆಂದು ಊರೆಲ್ಲ ನಂಬಿತ್ತು. ಆ ಕಿರಿಯ ಅಸಾ ಮಗನೇ ಅಲ್ಲ ಎಂದಾದರೆ ಗುಡ್ಡ ಹೋಯಿತು, ತೋಪು ಹೋಯಿತು, ಮೇಪಲ್ ಮರದ ರಸ ಕುದಿಸಿ ಬೆಲ್ಲದ ಬಣ್ಣದ ಪಾಕ ತೆಗೆಯುವ ಕೊಪ್ಪರಿಗೆಯೂ ಹೋಯಿತು. ಅದಕ್ಕೇ ಅಮೋಸ್ ಮುದುಕನ ಬಾಯಿ ಮುಚ್ಚಿಸಿದ ಎಂಬುದು ಅವರ ವಾದ.

"ಹುಲ್ಡಾ, ಈ ಪುಸ್ತಕ ಲೈಮನ್ ನೋಡಿದ್ನಾ?"

"ದನದ ಕಿವಿ ಪುಸ್ತಕಾನಾ? ಸಾಯೋ ವಾರ ಅದನ್ನೇ ತಿರುವಿ ಹಾಕ್ತಿದ್ದ. ಬೇಲಿ ಇಲ್ಲದ ಕಾಲ ಅಲ್ವಾ, ಎಲ್ಲರ ದನ ಒಂದೇ ಕಾಡಲ್ಲಿ ಮೇಯ್ತಿತ್ತು. ಒಬ್ಬೊಬ್ಬರು ಒಂದೊಂದು ಥರ, ಕವಲು ಬಾಲದ ಹಾಗೋ ಸೀಳಿನ ಹಾಗೋ, ಕಿವಿ ಕತ್ತರಿಸಿ ಇಲ್ಲಿ ಬರೆಸ್ತಿದ್ರು. ಅದರಲ್ಲಿ ಏನು ಮಣ್ಣಿದೆ?"

ಒಂದು ಸಾಲಿನ ಮೇಲಿದ್ದ ರೂತ್‌ಳ ಬೆರಳು ಹಾಗೇ ನಿಂತುಬಿಟ್ಟಿತ್ತು. ಸಾಲಿನ ಪಕ್ಕದಲ್ಲಿ ಮಾಸಿದ ಪೆನ್ಸಿಲ್ ಗೀಟು ಇತ್ತು. ಲೈಮನ್‌ನ ಪುಸ್ತಕಗಳಲ್ಲೆಲ್ಲ ಅಂಥದೇ ಗೀಟುಗಳನ್ನು ಅವಳು ನೋಡಿದ್ದಳು.

1756. ಕಿರಿಯ ಅಸಾ ಥ್ರೋಪ್‌ನ ಗುರುತು, ಎಡಗಿವಿಯ ತುದಿಯಲ್ಲಿ ಕವಲು ಬಾಲ.

ಹಾಳೆ ತಿರುವಿದಳು.

1763. ಹಿರಿಯ ಅಸಾ ಥ್ರೋಪ್‌ನ ಗುರುತು, ಎಡಗಿವಿಯ ತುದಿಯಲ್ಲಿ ಕವಲು ಬಾಲ.

ಅದರ ಕೆಳಗೇ ಇನ್ನೊಂದು. ಕಿರಿಯ ಅಸಾ ಥ್ರೋಪ್‌ನ ಗುರುತು, ಬಲಗಿವಿಯ ಕೆಳಗೆ ಅರ್ಧ ಸೀಳು, ಮೊದಲು ಇದು ಅವನ ತಂದೆ ಜೋಯೆಲ್ ಥ್ರೋಪ್‌ನದು. ಇದರ ಪಕ್ಕದಲ್ಲಿ ಗೀಟು ಎರಡು ಸಲ ಎಳೆದಿತ್ತು.

"ಥೂ ನನ್ನ ಬುದ್ಧಿಗಿಷ್ಟು!" ಎಂದು ರೂತ್ ಎದ್ದುನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಹುಲ್ಡಾ, ನಿಮ್ಮೂರಲ್ಲಿ ಹಿರಿಯ ಕಿರಿಯ ಅಂದ್ರೆ ಏನು?"

"ಏನು ಅಂದ್ರೆ? ಅಪ್ಪ, ಮಗ."

"ಇವತ್ತು ಹಾಗೆ. ಆಗ ಹಾಗಿರ್ಲಿಲ್ಲ. ಊರಲ್ಲಿ ಒಂದೇ ಹೆಸರಿನೋರು ಇಬ್ಬರಿದ್ರೆ ವಯಸ್ಸಾದೋನು ಹಿರಿಯ, ಚಿಕ್ಕೋನು ಕಿರಿಯ, ಅಷ್ಟೇ. ಅಪ್ಪ ಮಗ ಆಗಿರ್ಬೇಕು ಅಂತೇನಿಲ್ಲ. ಹಿರಿಯ ಸತ್ತ ದಿನ ಕಿರಿಯನಿಗೆ ಬಡ್ತಿ. ಅವನು ಹಿರಿಯ ಆಗ್ತಾನೆ, ಅವನ ಹಿಂದಿರೋನು ಕಿರಿಯ ಆಗ್ತಾನೆ. ಮನುಷ್ಯ ಅವನೇ, ಹೆಸರು ಮಾತ್ರ ಬದಲು."

ಹುಲ್ಡಾ ಕಣ್ಣು ಕಿರಿದು ಮಾಡಿದಳು. "ಆದ್ರೆ ದನದ ಕಿವಿ ಬದಲಾಗಲ್ಲ."

"ಅದೇ! ಈ ಕವಲು ಬಾಲದೋನು ಮೊದಲು ಕಿರಿಯ, ಮುದುಕ ಸತ್ತ ಮೇಲೆ ಹಿರಿಯ. ಇವನೇ ನಿಜವಾದ ಮಗ. ಅಮೋಸ್‌ನ ವಂಶ ಇವನದು, ಅದನ್ನ ನಾನು ಹೋದ ವಾರವೇ ಗಟ್ಟಿ ಮಾಡ್ಕೊಂಡಿದ್ದೀನಿ. ಈ ಅರ್ಧ ಸೀಳಿನೋನು ಮುದುಕನ ತಮ್ಮ ಜೋಯೆಲ್‌ನ ಮಗ. ಮಗನಲ್ಲದ ಕಿರಿಯ ಇವನು. ಲೈಮನ್ ಚೀಟಿಯಲ್ಲಿ ಬರೆದಿದ್ದು ಇವನ ವಿಷಯ."

"ಅಂದ್ರೆ ಅಮೋಸ್‌ಗೂ ಆ ಚೀಟಿಗೂ ಸಂಬಂಧ ಇಲ್ಲ?"

"ಸಂಬಂಧಾನೇ ಇಲ್ಲ! ಅವನಿಗೆ ಹೆದರೋಕೆ ಕಾರಣ ಇರ್ಲಿಲ್ಲ. ಕಾರಣ ಇಲ್ಲ ಅಂದ್ಮೇಲೆ ಕೊಲ್ತಾನ್ಯಾಕೆ?"

ಜೆರಾಕ್ಸ್ ಯಂತ್ರ ಗೊರಗೊರ ಎಂದು ಎರಡು ಹಾಳೆ ಉಗುಳುವಷ್ಟರಲ್ಲಿ ರೂತ್ ಕೋಟು ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡಳು. ಹುಲ್ಡಾ ಹಾಳೆಗಳ ಮೇಲೆ ಊರ ಮುದ್ರೆ ಒತ್ತಿಕೊಟ್ಟಳು. ಫೋನ್ ಮಾಡಿದ ಕೂಡಲೇ ನೆಲ್ ಟ್ರಕ್ ತಂದು ಬಾಗಿಲಲ್ಲಿ ನಿಲ್ಲಿಸಿದಳು.

ಮಾರ್ಚಿ ತಿಂಗಳ ರಸ್ತೆ ಹಿಮ ಕರಗಿ ಗೊಜ್ಜಾಗಿತ್ತು. ಟ್ರಕ್ ಎರಡು ಕಡೆ ಹೂತು, ಒದ್ದಾಡಿ ಮೇಲೆ ಬಂತು. "ಸಿಕ್ತಾ? ಏನು ಸಿಕ್ತು? ಹೇಳೇ!" ಎಂದು ನೆಲ್ ದಾರಿಯುದ್ದಕ್ಕೂ ಪ್ರಾಣ ತಿಂದಳು. ರೂತ್ ಬಾಯಿ ಬಿಡಲಿಲ್ಲ. "ಮೊದಲು ಅಮೋಸ್‌ಗೆ ಹೇಳ್ತೀನಿ. ಆಮೇಲೆ ಅವನೇ ನಿಂಗೆ ಹೇಳ್ಲಿ," ಎಂದಳು. ಒಳ್ಳೆಯ ಸುದ್ದಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಳ್ಳುವ ಆಸೆ ಅವಳಿಗೂ ಇತ್ತು. ಸತ್ತವರ ನಡುವೆ ಬದುಕುವವಳಿಗೆ ಒಬ್ಬ ಬದುಕಿದವನನ್ನು ಉಳಿಸಿದ ಹೆಮ್ಮೆ ದಿನಾ ಸಿಗುವುದಿಲ್ಲವಲ್ಲ.

ಜೈಲಿನ ಭೇಟಿ ಕೋಣೆಯಲ್ಲಿ ಒಂದು ಮೇಜು, ನಡುವೆ ತಂತಿ ಬಲೆ. ಒಬ್ಬೊಬ್ಬರನ್ನೇ ಒಳಗೆ ಬಿಡುವ ನಿಯಮ. ನೆಲ್ ಬೀನ್ಸ್ ಮತ್ತು ಕಂದು ಬ್ರೆಡ್ಡಿನ ಡಬ್ಬಿಯನ್ನು ಕಾವಲಿನವನ ಕೈಗೆ ಕೊಟ್ಟು ಟ್ರಕ್ಕಿನಲ್ಲೇ ಕೂತಳು.

ಅಮೋಸ್ ಥ್ರೋಪ್ ಎತ್ತರದ ಆಳು. ಪಾಕ ಸಿಡಿದು ಸುಟ್ಟ ಕಲೆಗಳು ತುಂಬಿದ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ರೂತ್ ಹಾಳೆಗಳನ್ನು ಬಲೆಗೆ ಒತ್ತಿ ಹಿಡಿದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹಿರಿಯ, ಕಿರಿಯ, ಬಡ್ತಿ, ಕವಲು ಬಾಲ, ಅರ್ಧ ಸೀಳು.

"ನೀವು ಬಚಾವ್ ಆದ್ರಿ ಅಮೋಸ್. ವಕೀಲರಿಗೆ ಇದನ್ನ ಕೊಟ್ಟುಬಿಟ್ರೆ ಪೊಲೀಸರ ಕಥೆ ನೆಲ ಕಚ್ಚುತ್ತೆ."

ಅವನು ನಗಲಿಲ್ಲ. "ಇನ್ನೊಂದ್ಸಲ ಹೇಳಿ ಮಿಸ್ ಟಾರ್ಬೆಲ್. ನಿಧಾನಕ್ಕೆ. ಮಗ ಅಲ್ಲದ ಅಸಾ ಯಾವನು?"

"ಎರಡನೆಯೋನು. 1763ರ ಕಿರಿಯ. ಅವನ ವಂಶ ಕಟ್ಕೊಂಡು ನಮಗೇನಾಗ್ಬೇಕು ಬಿಡಿ. ಓಹಿಯೋ ಕಡೆ ಹೋಗಿ ಎಲ್ಲೋ ನೆಲೆಸಿರ್ತಾರೆ. ಆಗೆಲ್ಲ ಜಮೀನಿಲ್ಲದೋರು ಗಾಡಿ ಕಟ್ಕೊಂಡು ಹೋಗ್ತಿದ್ದಿದ್ದು ಅಲ್ಲಿಗೇ."

"ಓಹಿಯೋಗೆ ಹೋಗ್ಲಿಲ್ಲ."

"ಏನಂದ್ರಿ?"

"ಓಹಿಯೋಗೆ ಹೋಗ್ಲಿಲ್ಲ ಅಂದೆ. ಗುಡ್ಡದ ಆಚೆ ಬದಿಗೆ ಹೋದ್ರು, ಆಮೇಲೆ ಈಚೆಗೂ ಬಂದು ತೋಪು ಹಿಡಿದ್ರು." ಅಮೋಸ್ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. "ನಮ್ಮ ಮೂಲ ಪುರುಷ ಜೋಯೆಲ್ ಅಂತ ನೆಲ್‌ನ ಅಪ್ಪ ಕುಡಿದಾಗಲೆಲ್ಲ ಹೇಳ್ತಿದ್ದ. ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ನೀವು ನೆಲ್‌ನ ತವರಿನ ಹೆಸರು ಕೇಳಿದ್ರಾ?"

ರೂತ್ ಹಾಳೆಗಳನ್ನು ಬಲೆಯಿಂದ ಕೆಳಗಿಳಿಸಿದಳು.

ಕೇಳಿರಲಿಲ್ಲ. ಕೊಳೆತ ಹಾಳೆಗಳಲ್ಲಿ ಇನ್ನೂರು ವರ್ಷ ಹಿಂದಿನ ಹೆಂಗಸರ ತವರಿನ ಹೆಸರಿಗಾಗಿ ವಾರಗಟ್ಟಲೆ ಕಣ್ಣು ಹಾಳು ಮಾಡಿಕೊಳ್ಳುವವಳು, ಎದುರಿಗೇ ಕೂತು ಕಾಫಿ ಬಗ್ಗಿಸಿ ಕೊಟ್ಟವಳನ್ನು ಕೇಳಿರಲಿಲ್ಲ. ಜಮೀನಿನ ಪತ್ರದಲ್ಲಿ ಅಮೋಸ್ ಥ್ರೋಪ್ ಮತ್ತು ಎಲೆನರ್ ಥ್ರೋಪ್ ಎಂದಿತ್ತು. ಗಂಡನ ಹೆಸರು ಹೆಂಡತಿಗೆ ಬಂದಿದೆ ಎಂದುಕೊಂಡು ಮುಂದಕ್ಕೆ ಹೋಗಿದ್ದಳು.

"ಅವಳೂ ಥ್ರೋಪೇ," ಎಂದ ಅಮೋಸ್. "ಹಿರಾಮ್ ಥ್ರೋಪ್ ಮಗಳು. ಮದುವೆ ದಿನ ಊರೆಲ್ಲ ನಗಾಡಿತ್ತು, ಟವೆಲ್ ಮೇಲೆ ಕಸೂತಿ ಹಾಕಿದ ಹೆಸರೂ ಬದಲಾಯಿಸಬೇಕಾಗಿಲ್ಲ ಅಂತ. ನಾನು ಬರೋವಾಗ ಹಾಕ್ಕೊಂಡ ಬಟ್ಟೇಲಿ ಬಂದೋನು. ಗುಡ್ಡ, ತೋಪು, ಮನೆ ಎಲ್ಲ ಅವಳಪ್ಪಂದು."

ಪೊಲೀಸರ ಕಥೆ ನೆಲ ಕಚ್ಚಲಿಲ್ಲ, ಬರೀ ಮಗ್ಗುಲು ಬದಲಿಸಿತು ಎಂಬುದು ರೂತ್‌ಗೆ ಹೊಳೆಯಿತು. ಚೀಟಿಯಲ್ಲಿದ್ದದ್ದು ಥ್ರೋಪ್‌ಗೆ ಹೇಳಬೇಕು ಎಂದಷ್ಟೇ. ಯಾವ ಥ್ರೋಪ್ ಎಂದು ಬರೆದಿರಲಿಲ್ಲ. ಗುಡ್ಡ ಕಳೆದುಕೊಳ್ಳುವವಳು ನೆಲ್.

"ಆ ಕಾಗದ ಹರಿದು ಹಾಕಿ," ಎಂದ ಅಮೋಸ್.

"ಅದು ಆಗಲ್ಲ."

"ನಿಮ್ಮನ್ನ ಕರೆಸಿದ್ದು ನಾವು."

"ಕರೆಸಿದ್ದು ನಿಜ ಹುಡುಕೋಕೆ. ಹುಡುಕಿದ್ಮೇಲೆ ಇಲ್ಲ ಅನ್ನೋಕೆ ನಂಗೆ ಬರಲ್ಲ. ನೀವು ಮಾಡದೇ ಇರೋ ತಪ್ಪಿಗೆ ಜೀವಮಾನ ಇಲ್ಲೇ ಕೊಳೀತೀರಾ?"

ಅಮೋಸ್ ಎರಡೂ ಕೈಗಳಿಂದ ಬಲೆ ಹಿಡಿದ. ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದ. "ಲೈಮನ್ ಹೆಣ ಸಿಕ್ಕಿದ ದಿನ ಮಧ್ಯಾಹ್ನ ಟ್ರಕ್ ಇರ್ಲಿಲ್ಲ, ಅವಳೂ ಇರ್ಲಿಲ್ಲ. ಹುಡುಕ್ಕೊಂಡು ಹೋದೆ. ಊರ ಕಚೇರಿ ಹಿಂದೆ ಟ್ರಕ್ ನಿಂತಿದ್ದನ್ನ ನೋಡಿ ವಾಪಸ್ ಬಂದೆ. ಅವಳು ಬಂದಾಗ ಮೊಣಕಾಲವರೆಗೂ ಕೆಸರು. ಅತ್ತು ಅತ್ತು ಮುಖ ಊದಿತ್ತು. ನಾನು ಏನೂ ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಹೇಳ್ಬಿಡ್ತಿದ್ಲು."

ಅಳುವವರ ಮೇಲೆ ರೂತ್‌ಗೆ ಬರುವ ಸಿಟ್ಟು, ಅಳದೇ ಕೂತ ಈ ಮನುಷ್ಯನ ಮೇಲೆ ಅದರ ಎರಡರಷ್ಟು ಬಂತು.

"ಹಾಗಾದ್ರೆ ನೀವು ಬಾಯಿ ಮುಚ್ಕೊಂಡು ಕೂತಿದ್ದು ಅವಳನ್ನ ಕಾಪಾಡೋಕೆ."

"ನನಗೆ ಮಾತಾಡೋಕೆ ಮೊದಲಿಂದ್ಲೂ ಬರಲ್ಲ. ಅದು ಈಗ ಉಪಯೋಗಕ್ಕೆ ಬಂತು." ಅವನು ಬಲೆ ಬಿಟ್ಟು ಎದ್ದ. "ಕೊನೇ ಸಲ ಕೇಳ್ತೀನಿ. ಹರಿದು ಹಾಕ್ತೀರೋ ಇಲ್ವೋ?"

"ಇಲ್ಲ."

"ಸರಿ ಬಿಡಿ," ಎಂದ ಅಮೋಸ್. ಆಮೇಲೆ ಕಾವಲಿನವನ ಕಡೆ ತಿರುಗಿ, "ಷೆರೀಫ್ ಇದ್ದಾರಾ?" ಎಂದು ಕೇಳಿದ. ರೂತ್ ಅದಕ್ಕೆ ಗಮನ ಕೊಡಲಿಲ್ಲ. ಬಾಗಿಲು ದಾಟಿ ಹೊರಗೆ ಬಂದು ಗಾಳಿ ತೆಗೆದುಕೊಂಡರೆ ಸಾಕಾಗಿತ್ತು ಅವಳಿಗೆ.

ಹೊರಗೆ ನೆಲ್ ಟ್ರಕ್ಕಿನ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ ಕೂತಿದ್ದಳು. ರೂತ್ ಜೈಲಿನ ಹಿಂದಿನ ಅಂಗಳದಲ್ಲಿ ಅರ್ಧ ಗಂಟೆ ತಿರುಗಾಡಿ, ಆಮೇಲೆ ಹತ್ತಿ ಬಾಗಿಲು ಹಾಕಿಕೊಂಡಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವಳು ಒಬ್ಬ ಮುದುಕನ ತಲೆ ಒಡೆದವಳೋ ಅಥವಾ ಎರಡು ವಾರದಿಂದ ತನಗೆ ಹಾಸಿಗೆ ಹಾಸಿಕೊಟ್ಟ ಒಳ್ಳೆಯ ಹೆಂಗಸೋ?

"ನೆಲ್, ನೀನು ಹಿರಾಮ್ ಥ್ರೋಪ್ ಮಗಳು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲೇ. ಊರಿಗೆಲ್ಲ ಗೊತ್ತಿರೋದು ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ. ಯಾಕೆ?"

"ಅವತ್ತು ಮಧ್ಯಾಹ್ನ ಊರ ಕಚೇರಿಗೆ ಯಾಕೆ ಹೋಗಿದ್ದೆ?"

ಬೆರಳು ಬಡಿಯುವುದು ನಿಂತಿತು. "ಯಾರು ಹೇಳಿದ್ದು?"

"ಅಮೋಸ್ ನೋಡಿದ್ದಾನೆ."

ನೆಲ್ ಮುಂ‍ದಿನ ಗಾಜನ್ನೇ ನೋಡುತ್ತ ಹೇಳಿದಳು. "ಲೈಮನ್ ಫೋನ್ ಮಾಡಿದ್ದ. ನಿಮ್ಮಪ್ಪನ ಕಡೆ ವಂಶದಲ್ಲಿ ತೊಡಕಿದೆ, ಗುಡ್ಡ ನಿಲ್ಲೋದು ಕಷ್ಟ, ಈಗಲೇ ಬಾ, ಅಮೋಸ್‌ಗೆ ಹೇಳ್ಬೇಡ ಅಂದ. ಕೆಸರಲ್ಲಿ ಟ್ರಕ್ ತಳ್ಳಿಕೊಂಡು ಹೋದೆ. ಹೋದ್ರೆ ಬಾಗಿಲು ಹಾಕಿತ್ತು. ಬಡಿದೆ, ಕೂಗಿದೆ, ಯಾರೂ ತೆಗೀಲಿಲ್ಲ. ದಾರಿಯುದ್ದಕ್ಕೂ ಅತ್ಕೊಂಡು ವಾಪಸ್ ಬಂದೆ."

"ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ?" ನೆಲ್ ಸರಕ್ಕನೆ ತಿರುಗಿದಳು. "ಮನೆಗೆ ಬಂದ್ರೆ ಕೊಪ್ಪರಿಗೆ ಸೀದು ಕರಿಕಾಗಿತ್ತು. ಮೂವತ್ತು ವರ್ಷದಲ್ಲಿ ಅಮೋಸ್ ಒಂದ್ಸಲಾನೂ ಉರಿಯೋ ಬೆಂಕಿ ಬಿಟ್ಟು ಎದ್ದು ಹೋದೋನಲ್ಲ. ಅವನ ಬೂಟಲ್ಲೂ ಊರ ಕೆಸರು. ಸಂಜೆ ಲೈಮನ್ ಸತ್ತ ಅಂತ ಸುದ್ದಿ ಬಂತು. ಅವನು ಒಂದು ಮಾತೂ ಆಡ್ಲಿಲ್ಲ ರೂತ್, ಗೋಡೆ ನೋಡ್ತಾ ಕೂತ. ನಾನು ಹೋಗಿದ್ದೆ ಅಂದ್ರೆ, ಅವನೂ ಹೋಗಿದ್ದ ಅನ್ನೋದು ಹೊರಗೆ ಬರುತ್ತಲ್ಲ."

"ಅಯ್ಯೋ ಪುಣ್ಯಾತ್ಗಿತ್ತಿ! ಅವನು ಹೋಗಿದ್ದು ನಿನ್ನ ಹುಡುಕ್ಕೊಂಡು."

ನೆಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ನೋಡಲಾರದೆ ರೂತ್ ಕೈಯಲ್ಲಿದ್ದ ಹಾಳೆಗಳ ಕಡೆ ಕಣ್ಣು ಹಾಯಿಸಿದಳು. ಕವಲು ಬಾಲ, ಅರ್ಧ ಸೀಳು. ಆಗ, ಇಷ್ಟು ಹೊತ್ತೂ ಎದುರಿಗೇ ಇದ್ದದ್ದು ಅವಳಿಗೆ ಕಂಡಿತು.

"ನೆಲ್, ಗುಡ್ಡ ಎಲ್ಲಿಗೂ ಹೋಗ್ತಿರ್ಲಿಲ್ಲ."

"ಏನು?"

"ನಿನ್ನ ಕಡೆಯೋನು ಮಗನಲ್ಲ, ನಿಜ. ಆದ್ರೆ ಅಮೋಸ್ ಕಡೆಯೋನು ಮಗ! ಪತ್ರದಲ್ಲಿ ಇಬ್ಬರ ಹೆಸರೂ ಇದೆ. ಮುದುಕ ಅಸಾ ಬರೆದಿಟ್ಟಿದ್ದು ಯಾರಿಗೆ ಸೇರಬೇಕೋ ಅವನೇ ನಿನ್ನ ಮಂಚದ ಇನ್ನೊಂದು ಬದೀಲಿ ಮಲಗ್ತಾನೆ. ಹಾಕ್ಕೊಂಡ ಬಟ್ಟೇಲಿ ಬಂದೋನೇ ನಿಜವಾದ ಹಕ್ಕುದಾರ. ಲೈಮನ್‌ಗೆ ಇದು ಗೊತ್ತಿತ್ತು. ಅವನು ಹೇಳಬೇಕು ಅಂತಿದ್ದಿದ್ದು ಒಳ್ಳೇ ಸುದ್ದಿ ಕಣೆ. ಇಬ್ಬರಿಗೂ ಕೊಲ್ಲೋಕೆ ಕಾರಣ ಇರ್ಲಿಲ್ಲ!"

ನೆಲ್ ಆಗಲೇ ಟ್ರಕ್ಕಿನಿಂದ ಇಳಿದು ಓಡುತ್ತಿದ್ದಳು. ಬಾಗಿಲು ತೆರೆದೇ ಇತ್ತು. ರೂತ್ ಹಾಳೆ ಹಿಡಿದುಕೊಂಡು, ಕೆಸರಲ್ಲಿ ಜಾರುತ್ತ, ಬೈದುಕೊಳ್ಳುತ್ತ ಅವಳ ಹಿಂದೆ ಓಡಿದಳು.

ಷೆರೀಫ್ ಬಿಕ್ಸ್‌ಬಿ ತನ್ನ ಕೋಣೆಯಲ್ಲಿ ಕನ್ನಡಕ ಒರೆಸುತ್ತ ನಿಂತಿದ್ದ. ದಪ್ಪ ಮನುಷ್ಯ, ಸುಸ್ತಾದ ಮುಖ. ಮೇಜಿನ ಮೇಲೆ ಆಗಷ್ಟೇ ಒಡೆದ ಒಂದು ಅಂಚೆ ಲಕೋಟೆ.

"ತಡವಾಯ್ತು ನೆಲ್," ಎಂದ. "ಅಮೋಸ್ ತಪ್ಪೊಪ್ಪಿಕೊಂಡ. ತಾನೇ ಹೊಡೆದು ಕೊಂದೆ ಅಂತ ಹೇಳಿಕೆ ಬರೆಸಿ ಸಹಿ ಹಾಕಿದ. ಸರ್ಕಾರಿ ವಕೀಲರ ಕಡೆಯೋನು ಇಲ್ಲೇ ಇದ್ದ. ಕಾಗದ ತಗೊಂಡು ಕೋರ್ಟಿಗೆ ಹೊರಟ."

ರೂತ್ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ತಾನು ಹರಿಯುವುದಿಲ್ಲ ಎಂದ ಕಾಗದವೇ ಅವನ ಕೈಗೆ ಲೇಖನಿ ಕೊಟ್ಟಿತ್ತು.

ನೆಲ್ ರೂತ್‌ಳ ಕೈಯಿಂದ ಹಾಳೆಗಳನ್ನು ಕಸಿದುಕೊಂಡು ಷೆರೀಫನ ಮೇಜಿನ ಮೇಲೆ ಬಡಿದಳು.

"ಅವನು ಸುಳ್ಳು ಹೇಳ್ತಿದ್ದಾನೆ. ನಾನು ಕೊಂದಿದ್ದು. ಗುಡ್ಡ ಹೋಗೋದು ನನ್ನದು, ಅವನದಲ್ಲ. ಇದರಲ್ಲಿ ಬರೆದಿದೆ ನೋಡಿ, ಊರ ಮುದ್ರೆಯೂ ಇದೆ."

"ನೆಲ್, ಬಾಯಿ ಮುಚ್ಚು!" ಎಂದು ರೂತ್ ಚೀರಿದಳು.

ಷೆರೀಫ್ ಕನ್ನಡಕ ಹಾಕಿಕೊಂಡು ಅವಳನ್ನು ದಿಟ್ಟಿಸಿದ. "ನೀನು ಕೊಂದಿದ್ದಾ? ಏನಲ್ಲಿ ಹೊಡೆದೆ?"

"ಒಲೆ ಸಲಾಕೆಯಲ್ಲಿ."

"ಅಮೋಸ್ ಕೊಡಲಿ ಕಾವಿನಲ್ಲಿ ಅಂದ." ಅವನು ಕಾವಲಿನವನಿಗೆ ಕೈಸನ್ನೆ ಮಾಡಿದ. ಕೈಕೋಳ ಹಾಕಿದ ಅಮೋಸ್‌ನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದರು. "ಇಬ್ಬರೂ ಕೇಳಿಸ್ಕೊಳ್ಳಿ. ಸ್ಪ್ರಿಂಗ್‌ಫೀಲ್ಡ್‌ನ ದೊಡ್ಡ ಡಾಕ್ಟರ ವರದಿ ಈಗ ಬಂತು, ಆ ವಕೀಲನ ಕಾರು ಹೊರಟ ಮೇಲೆ. ಲೈಮನ್‌ಗೆ ಯಾರೂ ಏನಲ್ಲೂ ಹೊಡೆದಿಲ್ಲ. ಉಸಿರುಗಟ್ಟಿಸಿ ಕೊಂದಿದ್ದಾರೆ. ತಲೆ ಗಾಯ ಸತ್ತ ಮೇಲೆ ಆಗಿದ್ದು, ರಕ್ತವೇ ಬಂದಿಲ್ಲ. ಸತ್ತೋನನ್ನ ತಂದು ಮೆಟ್ಟಿಲ ಮೇಲಿಂದ ಉರುಳಿಸಿದ್ದಾರೆ. ನನ್ನ ಕೋಣೇಲಿ ಈಗ ಇಬ್ಬರು ಸುಳ್ಳುಗಾರರಿದ್ದೀರ, ಕೊಲೆಗಾರ ಒಬ್ಬನೂ ಇಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟದ ಮಧ್ಯೆ ನಿಲ್ಲಲು ರೂತ್‌ಗೆ ನಾಚಿಕೆಯಾಯಿತು. ಬಿಡುಗಡೆಯ ಸಂತೋಷವೇನೂ ಅಲ್ಲಿರಲಿಲ್ಲ.

"ಮೂರು ವಾರ," ಎಂದ ಅಮೋಸ್ ಮೆಲ್ಲಗೆ. "ನಾನು ಕೊಲೆಗಾರ ಅಂದ್ಕೊಂಡೇ ದಿನಾ ಡಬ್ಬಿ ತಂದ್ಯಾ ನೆಲ್?"

"ನಾನು ಕೊಲೆಗಾತಿ ಅಂದ್ಕೊಂಡೇ ನೀನು ತಿಂದ್ಯಲ್ಲ."

ಅವನು ಕೈ ಚಾಚಲು ಹೋದ. ಕೋಳದ ಸರಪಳಿ ಅಷ್ಟು ದೂರಕ್ಕೆ ಬರಲಿಲ್ಲ. ನೆಲ್ ತಾನಾಗಿ ಹತ್ತಿರ ಹೋಗಲೂ ಇಲ್ಲ, ನಿಂತಲ್ಲೇ ನಡುಗುತ್ತಿದ್ದಳು.

"ಇನ್ನೇನು ಷೆರೀಫ್, ಬಿಟ್ಟುಬಿಡಿ ಅವನನ್ನ," ಎಂದಳು ರೂತ್. ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಹೇಳಿಕೆ ಸುಳ್ಳು ಅಂತ ನೀವೇ ಹೇಳ್ತಿದ್ದೀರಲ್ಲ."

"ಹೇಳಿಕೆ ಸುಳ್ಳೇ ಮಿಸ್ ಟಾರ್ಬೆಲ್. ಆದ್ರೆ ಸಹಿ ನಿಜ. ಸರ್ಕಾರಿ ವಕೀಲರಿಗೆ ಆಗಲೇ ಫೋನ್ ಮಾಡಿದೆ. 'ಮನುಷ್ಯ ತಾನೇ ಕೊಂದೆ ಅಂತ ಬರೆದುಕೊಟ್ಟಿದ್ದಾನೆ, ಹೇಗೆ ಕೊಂದ ಅನ್ನೋದು ಮರೆತಿರಬಹುದು' ಅಂದ್ರು. ಅವರಿಗೆ ಈ ಕೇಸು ಮುಗೀಬೇಕು, ಮುಗೀತು. ಕಾಗದ ಕೋರ್ಟಿನ ಕಡತಕ್ಕೆ ಸೇರಿಬಿಟ್ರೆ ಅದನ್ನ ಹೊರಗೆ ತೆಗೆಯೋದು ಎಷ್ಟು ಕಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ರೂತ್‌ಗೆ ಗೊತ್ತಿತ್ತು. ಸುಳ್ಳು ಬರೆದವರು ಸತ್ತು ಮಣ್ಣಾದ ಮೇಲೂ ಬದುಕಿಕೊಂಡ ಎಷ್ಟೋ ಕಾಗದಗಳನ್ನು ಅವಳು ಜೀವಮಾನವಿಡೀ ನೋಡಿದ್ದಳು. ಕೋಣೆಯ ಈ ತುದಿಯಿಂದ ಆ ತುದಿಗೆ ತಿರುಗಾಡಿದಳು. ಏನಾದರೂ ಒಂದು ಬೇಕು, ಮಧ್ಯಾಹ್ನ ಕೋರ್ಟು ಸೇರುವುದರೊಳಗೆ ಬೇಕು, ಇವರಿಬ್ಬರೂ ಅಲ್ಲ ಎಂದು ತೋರಿಸುವಂಥದು ಬೇಕು.

"ಷೆರೀಫ್," ಎಂದಳು ನೆಲ್. ಅವಳ ದನಿಯಲ್ಲಿ ನಡುಕ ನಿಂತುಹೋಗಿತ್ತು. "ಲೈಮನ್ ಸತ್ತಿದ್ದು ಯಾವಾಗ ಅಂತ ಬರೆದಿದ್ದಾರೆ ಡಾಕ್ಟರು?"

ಷೆರೀಫ್ ಹಾಳೆಯ ಮೇಲೆ ಬೆರಳಾಡಿಸಿದ. "ಹೆಣ ಸಿಕ್ಕಿದ ಹಿಂದಿನ ರಾತ್ರಿ. ಬೆಳಗಾಗೋಕೆ ಮುಂಚೆ ಖಂಡಿತ."

"ಖಂಡಿತನಾ?"

"ಎರಡು ಸಲ ಬರೆದಿದ್ದಾರೆ."

ನೆಲ್ ಅಮೋಸ್‌ನನ್ನು ನೋಡಿದಳು, ಆಮೇಲೆ ರೂತ್‌ಳನ್ನು.

"ಹಾಗಾದ್ರೆ ಮಾರನೇ ದಿನ ಮಧ್ಯಾಹ್ನ ಲೈಮನ್ ಅಂತ ಹೇಳ್ಕೊಂಡು ಫೋನಲ್ಲಿ ನನ್ನ ಜೊತೆ ಮಾತಾಡಿದ್ದು ಯಾರು?"